ಈದರ್–ಆರ್, ನೈದರ್–ನಾರ್: ಬರೆಯುವಾಗ ತಪ್ಪುವುದೆಲ್ಲಿ?

ಪದಪಥಿಕ:
ಕಚೇರಿ ಪತ್ರದ ಕರಡಿನಲ್ಲಿ ಈ ಮೂರು ಇಂಗ್ಲಿಷ್ ವಾಕ್ಯಗಳಿವೆ. ಯಾವುದು ತಪ್ಪು, ಯಾಕೆ ತಪ್ಪು ಅಂತ ಬಲ್ಲವರು ಬಿಡಿಸಿ ಹೇಳಿ.
1. ನೈದರ್ ರವಿ ನಾರ್ ಗೀತಾ ಡಿಡ್ ನಾಟ್ ಸೈನ್.
2. ಯು ಕ್ಯಾನ್ ಈದರ್ ಪೇ ಬೈ ಕಾರ್ಡ್ ಆರ್ ಬೈ ಚೆಕ್.
3. ಈದರ್ ದ ಮ್ಯಾನೇಜರ್ ಆರ್ ದ ಕ್ಲರ್ಕ್ಸ್ ಹ್ಯಾಸ್ ದ ಕೀ.

ಕರಡುತಿದ್ದು:
ಮೂರನ್ನೂ ತಿದ್ದಬೇಕು. ಮೊದಲನೆಯದರ ಬೇರು ನಮ್ಮ ಕನ್ನಡದಲ್ಲೇ ಇದೆ. "ರವಿಯಾಗಲಿ ಗೀತಾ ಆಗಲಿ ಸಹಿ ಮಾಡಲಿಲ್ಲ" ಎನ್ನುವಾಗ ನಮ್ಮ ನಿಷೇಧ ಇರುವುದು ಕ್ರಿಯಾಪದದಲ್ಲಿ. 'ಆಗಲಿ'ಯಲ್ಲಿ 'ಇಲ್ಲ' ಎಂಬ ಅರ್ಥವಿಲ್ಲ. ಇಂಗ್ಲಿಷಿನಲ್ಲಿ ಆ 'ಇಲ್ಲ' ನೈದರ್ ಒಳಗೇ ಸೇರಿಕೊಂಡಿದೆ. ಮತ್ತೆ ನಾಟ್ ಹಾಕಿದರೆ ನಿಷೇಧ ಎರಡಾಗುತ್ತದೆ. ಆದ್ದರಿಂದ: ನೈದರ್ ರವಿ ನಾರ್ ಗೀತಾ ಸೈನ್ಡ್. ನಾಟ್ ಇರಲೇಬೇಕು ಅನ್ನುವ ಕಡೆ ಜೋಡಿ ಬದಲಾಗುತ್ತದೆ: ವಿ ಡಿಡ್ ನಾಟ್ ಗೆಟ್ ಈದರ್ ದ ಬಿಲ್ ಆರ್ ದ ರಸೀಟ್.

ನಾರ್ ಮುಂದೆ ಪೂರ್ತಿ ವಾಕ್ಯ ಬಂದರೆ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬರಬೇಕು: ಹಿ ಡಿಡ್ ನಾಟ್ ಕಾಲ್, ನಾರ್ ಡಿಡ್ ಹಿ ರೈಟ್. 'ನಾರ್ ಹಿ ರೋಟ್' ಅಲ್ಲ.

ಸಾಲುಗಾರ:
ಎರಡನೆಯದಕ್ಕೆ ಒಂದು ಪರೀಕ್ಷೆ ಇದೆ. ಈದರ್ ಆದ ಮೇಲಿನ ತುಂಡನ್ನೂ ಆರ್ ಆದ ಮೇಲಿನ ತುಂಡನ್ನೂ ಒಂದರ ಕೆಳಗೊಂದು ಬರೆಯಿರಿ. ಇಲ್ಲಿ ಮೇಲೆ 'ಪೇ ಬೈ ಕಾರ್ಡ್', ಕೆಳಗೆ ಬರೀ 'ಬೈ ಚೆಕ್'. ಪೇ ಎರಡಕ್ಕೂ ಸೇರಿದ್ದು, ಹಾಗಾಗಿ ಅದು ಈದರ್‌ಗಿಂತ ಮುಂಚೆ ಇರಬೇಕು: ಯು ಕ್ಯಾನ್ ಪೇ ಈದರ್ ಬೈ ಕಾರ್ಡ್ ಆರ್ ಬೈ ಚೆಕ್. ಬೈ ಕೂಡ ಹೊರಗೆ ತಂದರೆ: ಬೈ ಈದರ್ ಕಾರ್ಡ್ ಆರ್ ಚೆಕ್. ಎರಡೂ ಸರಿಯೇ. ಮಾತಿನಲ್ಲಿ ಈ ಜಾರುವಿಕೆ ಯಾರ ಗಮನಕ್ಕೂ ಬರುವುದಿಲ್ಲ, ಬರಹದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇಂಥ ಚಿಕ್ಕ ಜೋಡಿಯಲ್ಲಿ ಆರ್ ಮುಂಚೆ ಅಲ್ಪವಿರಾಮ ಬೇಡ.

ಮೂರನೆಯದರಲ್ಲಿ ಕ್ರಿಯಾಪದ ತನಗೆ ಹತ್ತಿರವಿರುವ ಕರ್ತೃವನ್ನು ನೋಡುತ್ತದೆ. ಕ್ಲರ್ಕ್ಸ್ ಹತ್ತಿರವಿರುವುದರಿಂದ ಹ್ಯಾವ್. ಮ್ಯಾನೇಜರನ್ನು ಕೊನೆಗೆ ತಂದರೆ ಹ್ಯಾಸ್ ಸರಿಯಾಗುತ್ತದೆ. ಏಕವಚನ, ಬಹುವಚನ ಎರಡೂ ಇದ್ದಾಗ ಬಹುವಚನವನ್ನು ಕೊನೆಗಿಡುವುದೇ ವಾಸಿ, ಕಿವಿಗೆ ಹಿತ. 'ಈದರ್ ಯು ಆರ್ ಐ' ಬಂದರೆ ನಿಯಮ ಹಿಡಿದು ಹೆಣಗಾಡಬೇಡಿ, ವಾಕ್ಯವನ್ನೇ ಬದಲಿಸಿ: ಒನ್ ಆಫ್ ಅಸ್ ಹ್ಯಾಸ್ ದ ಕೀ.

ಪದಪಥಿಕ:
ತುಂಬಾ ಉಪಕಾರವಾಯಿತು. ವೆದರ್ ಬಳಸಿದಾಗಲೆಲ್ಲ 'ಆರ್ ನಾಟ್' ಸೇರಿಸಬೇಕೇ?

ಕರಡುತಿದ್ದು:
ಕನ್ನಡದಲ್ಲಿ ಹೇಳಿ ನೋಡಿ. "ಬರುತ್ತಾನೋ ಇಲ್ಲವೋ ಗೊತ್ತಿಲ್ಲ" ಎಂಬ ಅರ್ಥವಿದ್ದರೆ 'ಆರ್ ನಾಟ್' ಬಿಡಬಹುದು: ಐ ಡೋಂಟ್ ನೋ ವೆದರ್ ಹಿ ವಿಲ್ ಕಮ್. "ಬಂದರೂ ಬರದಿದ್ದರೂ" ಎಂಬ ಅರ್ಥವಿದ್ದರೆ ಬಿಡುವಂತಿಲ್ಲ: ವಿ ವಿಲ್ ಸ್ಟಾರ್ಟ್ ವೆದರ್ ಹಿ ಕಮ್ಸ್ ಆರ್ ನಾಟ್.