ವಾಲ್ವ್ ಬದಲಿಸಿದ ಮೇಲೆ ಪ್ರೆಸ್ ರ‍್ಯಾಮ್ ತಾನಾಗಿ ಇಳಿಯುತ್ತಿದೆ. ಸೀಲ್ ಹೋಗಿದೆಯೋ, ವಾಲ್ವೇ ಸರಿಯಿಲ್ಲವೋ?

ಪೀಣ್ಯ ಪ್ರೆಸ್‌ಶಾಪ್:

ನಮಸ್ಕಾರ. ಪೀಣ್ಯ 2ನೇ ಹಂತದ ಶಾಪಿನಲ್ಲಿ ಮೇಲಿನಿಂದ ಕೆಳಕ್ಕೆ ಒತ್ತುವ ಹೈಡ್ರಾಲಿಕ್ ಪ್ರೆಸ್ ಇದೆ. ಸಿಲಿಂಡರ್ ಬೋರ್ 160 ಮಿ.ಮೀ., ರಾಡ್ 110 ಮಿ.ಮೀ. ವೇರಿಯಬಲ್ ಪಿಸ್ಟನ್ ಪಂಪ್, 160 ಬಾರ್‌ಗೆ ಸೆಟ್ ಆಗಿದೆ. ಆಯಿಲ್ 68 ಗ್ರೇಡ್. ಆಯಿಲ್ ಸಿಲಿಂಡರಿನ ಯಾವ ಕಡೆಗೆ ಹೋಗಬೇಕೆಂದು ತಿರುಗಿಸುವ ಡೈರೆಕ್ಷನ್ ವಾಲ್ವ್ 10 ಸೈಜಿನದು, ಎರಡು ಕಾಯಿಲ್, 24 ವೋಲ್ಟ್ ಡಿಸಿ. ಅದರ ಕೆಳಗೆ ಸ್ಯಾಂಡ್‌ವಿಚ್ ಪೈಲಟ್ ಚೆಕ್ (ಎದುರಿನ ಲೈನಿನಿಂದ ಒತ್ತಡ ಬಂದಾಗ ಮಾತ್ರ ಆಯಿಲನ್ನು ವಾಪಸ್ ಬಿಡುವ ವಾಲ್ವ್) ಇದೆ, ಬಿ ಲೈನಿಗೆ ಮಾತ್ರ, ಅಂದರೆ ರಾಡ್ ಕಡೆಗೆ.

ಹಳೆಯ ವಾಲ್ವ್ ಜಾಮ್ ಆಗಿತ್ತು. ಅದೇ ಸೈಜಿನ ಹೊಸದನ್ನು ಕೂರಿಸಿದ ದಿನದಿಂದ ರ‍್ಯಾಮ್ ನ್ಯೂಟ್ರಲ್‌ನಲ್ಲಿ ನಿಲ್ಲುತ್ತಿಲ್ಲ, 10 ನಿಮಿಷಕ್ಕೆ 40 ಮಿ.ಮೀ. ಇಳಿಯುತ್ತದೆ. ಬೆಳಗಿನ ಶಿಫ್ಟಿನಲ್ಲಿ ಕಡಿಮೆ, ಮಧ್ಯಾಹ್ನ ಜಾಸ್ತಿ. ಒತ್ತುವ ಪ್ರೆಷರ್, ಸ್ಪೀಡು ಎಲ್ಲಾ ಸರಿಯಾಗಿಯೇ ಇದೆ. ಪಿಸ್ಟನ್ ಸೀಲ್ ಹೋಗಿರಬಹುದು ಎನ್ನುತ್ತಿದ್ದಾರೆ. ಸಿಲಿಂಡರ್ ಬಿಚ್ಚೋಣವೇ?

ರಾಜಾಜಿನಗರ ಫಿಟ್ಟರ್:

ಈಗಲೇ ಬಿಚ್ಚಬೇಡಿ ಸರ್. ಸೀಲ್ ಹೋಗಿದ್ದರೆ ಒತ್ತುವಾಗಲೂ ಸ್ವಲ್ಪ ತೊಂದರೆ ಕಾಣಿಸಬೇಕಿತ್ತು. ಚೆಕ್ ವಾಲ್ವಿನ ಸೀಟಿನಲ್ಲಿ ಕಸ ಸಿಕ್ಕಿರಬಹುದು. ವಾಲ್ವ್ ಬದಲಿಸುವಾಗ ಫಿಟ್ಟಿಂಗಿಗೆ ಟೆಫ್ಲಾನ್ ಟೇಪ್ ಸುತ್ತಿದ್ದೀರಾ? ಅದರ ಎಳೆ ಕಿತ್ತು ಬಂದು ಪಾಪೆಟ್ (ಸೀಟನ್ನು ಮುಚ್ಚುವ ಭಾಗ) ಕೆಳಗೆ ಕೂತರೆ ಹೀಗೇ ಆಗುತ್ತದೆ. ಬಿಎಸ್‌ಪಿ ಪೋರ್ಟಿಗೆ ಡೌಟಿ ವಾಷರ್ (ರಬ್ಬರ್ ಅಂಚಿರುವ ಲೋಹದ ವಾಷರ್) ಹಾಕಿ, ಹೈಡ್ರಾಲಿಕ್ಸ್ ಹತ್ತಿರ ಟೇಪ್ ತರಲೇಬೇಡಿ.

ಪವರ್‌ಪ್ಯಾಕ್ ಸರ್ವಿಸ್:

ಮೊದಲು ಲೆಕ್ಕ ಹಾಕಿ ನೋಡೋಣ. ನಿಮ್ಮ ಸಿಲಿಂಡರಿನ ರಾಡ್ ಕಡೆ ವಿಸ್ತೀರ್ಣ ಸುಮಾರು 106 ಚದರ ಸೆಂ.ಮೀ. 4 ಸೆಂ.ಮೀ. ಇಳಿದರೆ 424 ಸಿಸಿ, ಅಂದರೆ ನಿಮಿಷಕ್ಕೆ 42 ಸಿಸಿ. ನಿಮ್ಮ ಡೈರೆಕ್ಷನ್ ವಾಲ್ವಿನಂಥ ಸ್ಪೂಲ್ ವಾಲ್ವಿನಲ್ಲಿ, ಒಳಗೆ ಸರಿದಾಡುವ ಸ್ಪೂಲಿಗೂ ಹೊರಗಿನ ಬಾಡಿಗೂ ನಡುವೆ ಕೆಲವು ಮೈಕ್ರಾನ್ ಸಂದು ಇದ್ದೇ ಇರುತ್ತದೆ, ಹೊಚ್ಚ ಹೊಸ ವಾಲ್ವೂ ಇಷ್ಟು ಸೋರಬಹುದು. ಆಯಿಲ್ ಬಿಸಿಯಾಗಿ ತೆಳುವಾದಂತೆ ಸೋರಿಕೆ ಏರುತ್ತದೆ, ನೀವು ಹೇಳುವ ಮಧ್ಯಾಹ್ನದ ಲಕ್ಷಣ ಅದೇ. ಸ್ಪೂಲ್ ಸೋರಿದರೂ ಲೋಡ್ ಹಿಡಿಯಲೆಂದೇ ಪೈಲಟ್ ಚೆಕ್ ಇರುವುದು. ಅದು ಯಾಕೆ ಮುಚ್ಚುತ್ತಿಲ್ಲ ಎಂದು ಹುಡುಕಬೇಕು.

ಬಿಚ್ಚದೆ ಒಂದು ಪರೀಕ್ಷೆ ಮಾಡಿ. ರ‍್ಯಾಮನ್ನು ಅರ್ಧ ಸ್ಟ್ರೋಕಿನಲ್ಲಿ ನಿಲ್ಲಿಸಿ, ಕೆಳಗೆ ಆ 40 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಅಂತರ ಬಿಟ್ಟು ಸ್ಟೀಲ್ ಪ್ರಾಪ್ ಇಡಿ. ಆ ಅಂತರದಷ್ಟು ಇಳಿದರೂ ಅದರ ಮೇಲೆ ಕೂರುತ್ತದೆ, ಕೈ ಒಳಗೆ ಹಾಕಬೇಡಿ. ಮೋಟಾರ್ ಓಡುತ್ತಿರುವಾಗ 10 ನಿಮಿಷ, ಮೋಟಾರ್ ಆಫ್ ಮಾಡಿ ಇನ್ನೊಂದು 10 ನಿಮಿಷ ಅಳತೆ ತೆಗೆದುಕೊಳ್ಳಿ. ಎರಡು ಸಲವೂ ಇಳಿದರೆ ಚೆಕ್ ಸೀಟು ಅಥವಾ ಪಿಸ್ಟನ್ ಸೀಲ್. ಮೋಟಾರ್ ಓಡುವಾಗ ಮಾತ್ರ ಇಳಿದರೆ ಸಿಲಿಂಡರಿನ ತಂಟೆಗೇ ಹೋಗಬೇಡಿ.

ಎ ಲೈನಿನ, ಅಂದರೆ ಪಿಸ್ಟನ್ನಿನ ಮೇಲಿನ ಕಡೆಗೆ ಹೋಗುವ ಲೈನಿನ ಟೆಸ್ಟ್ ಪಾಯಿಂಟಿಗೆ ಗೇಜ್ ಹಾಕಿ, ನ್ಯೂಟ್ರಲ್‌ನಲ್ಲಿ ಎಷ್ಟು ತೋರಿಸುತ್ತದೆ ನೋಡಿ. ಹಳೆಯ, ಹೊಸ ಎರಡೂ ವಾಲ್ವಿನ ಪ್ಲೇಟಿನ ಕೋಡ್ ಪೂರ್ತಿ ಬರೆಯಿರಿ, ಬರೀ ಸೈಜ್ ಸಾಲದು.

ಬೊಮ್ಮಸಂದ್ರ ಎಲೆಕ್ಟ್ರಿಕಲ್:

ಗೇಜ್ ಹಾಕುವ ಮೊದಲು ಎರಡು ನಿಮಿಷ ಕಾಯಿಲ್ ಕಡೆಗೂ ಕೊಡಿ. ನ್ಯೂಟ್ರಲ್‌ನಲ್ಲಿ ಎರಡೂ ಪ್ಲಗ್‌ನಲ್ಲಿ 0 ವೋಲ್ಟ್ ಇರಬೇಕು. ಕಾಯಿಲ್ ತುದಿಯ ನಟ್ ಹತ್ತಿರ ಸ್ಕ್ರೂಡ್ರೈವರ್ ಹಿಡಿದರೆ ಎಳೆಯಬಾರದು. ಎಳೆದರೆ ರಿಲೇ ಕಾಂಟ್ಯಾಕ್ಟ್ ಅಂಟಿದೆ, ಸ್ಪೂಲ್ ಮಧ್ಯಕ್ಕೆ ಬಂದೇ ಇಲ್ಲ ಎಂದರ್ಥ. ಕಾಯಿಲ್ ಆನ್ ಇದ್ದಾಗ ಪ್ಲಗ್‌ನಲ್ಲೇ 21.6 ವೋಲ್ಟಿಗಿಂತ ಕಡಿಮೆ ಬರಬಾರದು. ಪ್ಯಾನೆಲ್‌ನಲ್ಲಿ 24 ಇದ್ದು ಪ್ಲಗ್‌ನಲ್ಲಿ 19 ಬಂದರೆ ವೈರ್ ಅಥವಾ ಟರ್ಮಿನಲ್ ನೋಡಿ. ಕಾಯಿಲ್ ರೆಸಿಸ್ಟೆನ್ಸ್ ಅದರ ವ್ಯಾಟ್ ಮೇಲೆ ಹೋಗುತ್ತದೆ. 30 ವ್ಯಾಟಿನದಾದರೆ ತಣ್ಣಗಿರುವಾಗ 19 ಓಮ್ ಆಸುಪಾಸು.

ಪೀಣ್ಯ ಪ್ರೆಸ್‌ಶಾಪ್:

ಎಲ್ಲಾ ನೋಡಿದೆವು. ಕಾಯಿಲ್ ಎರಡರಲ್ಲೂ ನ್ಯೂಟ್ರಲ್‌ನಲ್ಲಿ 0 ವೋಲ್ಟ್. ಮೋಟಾರ್ ಓಡುವಾಗ 38 ಮಿ.ಮೀ. ಇಳಿಯಿತು, ಆಫ್ ಮಾಡಿದಾಗ 1 ಮಿ.ಮೀ. ಕೂಡ ಇಲ್ಲ. ಎ ಲೈನ್ ಗೇಜ್ ನ್ಯೂಟ್ರಲ್‌ನಲ್ಲಿ 55 ಬಾರ್, ಮೋಟಾರ್ ಆಫ್ ಮಾಡಿದರೆ ನಿಧಾನಕ್ಕೆ ಸೊನ್ನೆಗೆ ಬರುತ್ತದೆ. ಹಳೆಯ ಪ್ಲೇಟಿನಲ್ಲಿ 3ಸಿ4, ಹೊಸದರಲ್ಲಿ 3ಸಿ2 ಎಂದಿದೆ. ಉಳಿದ ಕೋಡ್ ಎಲ್ಲಾ ಒಂದೇ. ಹಳೆಯ ಸ್ಪೂಲನ್ನೇ ತೊಳೆದು ಹೊಸ ಬಾಡಿಗೆ ಹಾಕಬಹುದೇ?

ಪವರ್‌ಪ್ಯಾಕ್ ಸರ್ವಿಸ್:

ಸಿಕ್ಕಿತು. 3ಸಿ2 ಅಂದರೆ ಸ್ಪೂಲ್ ಮಧ್ಯದಲ್ಲಿರುವಾಗ ನಾಲ್ಕೂ ಪೋರ್ಟ್ (ಪಂಪಿನ ಪಿ, ಸಿಲಿಂಡರಿನ ಎ ಮತ್ತು ಬಿ, ಟ್ಯಾಂಕಿನ ಟಿ) ಬಂದ್. 3ಸಿ4 ಅಂದರೆ ಪಿ ಬಂದ್, ಎ ಮತ್ತು ಬಿ ಎರಡೂ ಟ್ಯಾಂಕಿಗೆ ತೆರೆದಿರುತ್ತವೆ. ರೆಕ್ಸ್‌ರಾತ್ ಕೋಡಿನಲ್ಲಿ ಇದೇ ವ್ಯತ್ಯಾಸ ಇ ಮತ್ತು ಜೆ ಅಕ್ಷರದಲ್ಲಿ ಬರುತ್ತದೆ. ಕೋಡ್ ಉಜ್ಜಿಹೋಗಿದ್ದರೆ ಪ್ಲೇಟಿನ ಚಿತ್ರದ ನಡುವಿನ ಚೌಕ ನೋಡಿ. ಮೌಂಟಿಂಗ್ ಒಂದೇ ಸ್ಟ್ಯಾಂಡರ್ಡ್ ಆದ್ದರಿಂದ ಯಾವ ಸ್ಪೂಲಿನ ವಾಲ್ವಾದರೂ ಕೂರುತ್ತದೆ. ಅಲ್ಲೇ ಮೋಸ ಹೋಗುವುದು.

ನಿಮ್ಮ ಪಂಪ್ ಪಿ ಲೈನನ್ನು ಯಾವಾಗಲೂ 160 ಬಾರ್‌ನಲ್ಲಿ ಹಿಡಿದಿರುತ್ತದೆ. ಬಂದ್ ಸ್ಪೂಲಿನಲ್ಲಿ ಪಿಯಿಂದ ಎ ಕಡೆಗೆ ಸೋರಿದ ಆಯಿಲ್‌ಗೆ ಟ್ಯಾಂಕಿಗೆ ಹೋಗಲು ದಾರಿ ಸಾಲದು, ಅದಕ್ಕೇ ಆ 55 ಬಾರ್. ಪೈಲಟ್ ಚೆಕ್ಕನ್ನು ತೆರೆಯುವ ಪಿಸ್ಟನ್‌ಗೆ ಒತ್ತಡ ಬರುವುದೂ ಅದೇ ಎ ಲೈನಿನಿಂದ. ಹಾಗಾಗಿ ಚೆಕ್ ಪೂರ್ತಿ ಮುಚ್ಚದೆ ಸಣ್ಣಗೆ ಬಿಡುತ್ತಿದೆ, ಮೇಲಿಂದ ಎ ಒತ್ತಡ ರ‍್ಯಾಮನ್ನೂ ತಳ್ಳುತ್ತಿದೆ. ಪೈಲಟ್ ಚೆಕ್ ಇರುವ ಕಡೆ ಮಧ್ಯದಲ್ಲಿ ಎ, ಬಿ ಟ್ಯಾಂಕಿಗೆ ತೆರೆದಿರಲೇಬೇಕು. 3ಸಿ4 ಹಾಕಿದ ಮೇಲೆ ಅದೇ ಗೇಜ್ ಟ್ಯಾಂಕ್ ಲೈನಿನ ಪ್ರೆಷರಷ್ಟೇ ತೋರಿಸಬೇಕು, ಎರಡು ಮೂರು ಬಾರ್.

ಹಳೆಯ ಸ್ಪೂಲನ್ನು ಹೊಸ ಬಾಡಿಗೆ ಹಾಕಲೇಬೇಡಿ. ಪ್ರತಿ ಸ್ಪೂಲನ್ನೂ ಅದರ ಬಾಡಿಗೆ ಹೊಂದಿಸಿ ಆರಿಸಿರುತ್ತಾರೆ. ಅದಲುಬದಲು ಮಾಡಿದರೆ ಜಾಮ್ ಆಗುತ್ತದೆ, ಇಲ್ಲವೇ ಇನ್ನೂ ಸೋರುತ್ತದೆ. ಅಂಗಡಿಯಲ್ಲಿ 3ಸಿ4 ಇಲ್ಲ, 3ಸಿ3 ಇದೆ ಎಂದರೂ ಬೇಡ. ಅದರಲ್ಲಿ ಪಿ ಕೂಡ ಟ್ಯಾಂಕಿಗೆ ತೆರೆಯುತ್ತದೆ. ಪಂಪ್ ನ್ಯೂಟ್ರಲ್‌ನಲ್ಲೂ ಪೂರ್ತಿ ಫ್ಲೋ ಕೊಡುತ್ತಾ ಓಡುತ್ತದೆ, ಅದೇ ಲೈನಿನಲ್ಲಿ ಎಜೆಕ್ಟರ್ (ಒತ್ತಿದ ಭಾಗವನ್ನು ಹೊರತಳ್ಳುವ ಸಿಲಿಂಡರ್) ಇದ್ದರೆ ಅದಕ್ಕೆ ಪ್ರೆಷರ್ ಸಿಗುವುದಿಲ್ಲ.

ಕೂರಿಸುವಾಗ ರ‍್ಯಾಮನ್ನು ಪ್ರಾಪ್ ಮೇಲೆ ಇಳಿಸಿ, ಮೋಟಾರ್ ಆಫ್ ಮಾಡಿ, ಗೇಜ್ ಸೊನ್ನೆ ನೋಡಿಯೇ ಬೋಲ್ಟ್ ಸಡಿಲಿಸಿ. ಐದೂ ಓ-ರಿಂಗ್ ಹೊಸದು ಹಾಕಿ, ಸಾಮಾನ್ಯವಾಗಿ 12.42 × 1.78. ನಾಲ್ಕು ಎಂ6 ಬೋಲ್ಟನ್ನು ಮೂಲೆಯಿಂದ ಮೂಲೆಗೆ, ಎರಡು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ 12ರಿಂದ 15 ಎನ್‌ಎಂಗೆ ಬಿಗಿಮಾಡಿ. ಪೈಪ್ ಹಾಕಿ ಬಿಗಿದರೆ ಬಾಡಿ ಸೊಟ್ಟಗಾಗಿ ಸ್ಪೂಲ್ ಹಿಡಿದುಕೊಳ್ಳುತ್ತದೆ. ಬಿಗಿ ಮಾಡಿದ ಮೇಲೆ ಎರಡೂ ಕಡೆಯ ಓವರ್‌ರೈಡ್ ಪಿನ್ (ಸ್ಪೂಲನ್ನು ಕೈಯಿಂದ ತಳ್ಳುವ ಪಿನ್) ಒತ್ತಿ ಬಿಡಿ, ಸ್ಪ್ರಿಂಗ್ ಚುರುಕಾಗಿ ವಾಪಸ್ ತಳ್ಳಬೇಕು.

ರಾಜಾಜಿನಗರ ಫಿಟ್ಟರ್:

ಸರಿಯಾದ ಮಾತು, ನನ್ನ ಊಹೆ ವಾಪಸ್. ಇನ್ನೊಂದು ವಿಷಯ, ಮುಂದೆ ಯಾವಾಗಲಾದರೂ ಸೀಲ್ ಪರೀಕ್ಷಿಸಲು ರಾಡ್ ಕಡೆ ಬಾಲ್ ವಾಲ್ವ್ ಹಾಕಿ ಬಂದ್ ಮಾಡಿದರೆ, ಅದು ಬಂದ್ ಇರುವಾಗ ಡೌನ್ ಬಟನ್ ಒತ್ತಬೇಡಿ. 201 ಚದರ ಸೆಂ.ಮೀ. ಮೇಲೆ ಬೀಳುವ 160 ಬಾರ್, 106ರ ಕಡೆ 300 ಬಾರ್ ದಾಟುತ್ತದೆ, ಹೋಸ್ ಒಡೆಯುತ್ತದೆ. ಮೋಟಾರ್ ಆಫ್ ಇಟ್ಟು, ಪ್ಯಾನೆಲ್‌ಗೆ ಟ್ಯಾಗ್ ಹಾಕಿಯೇ ಆ ಪರೀಕ್ಷೆ ಮಾಡಿ.