ರಿಯೊ ಧ್ವನಿಮುದ್ರಣದಲ್ಲಿ ಜನರ ಸದ್ದು: ಅದು ದೋಷವೋ, ಸಂಗೀತದ ಭಾಗವೋ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೆನಡಾದ ರಾಕ್ ಸಂಗೀತ ತಂಡ ರಶ್ 2002ರ ನವೆಂಬರ್ 23ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಸುಮಾರು 40,000 ಜನರ ಮುಂದೆ ನಡೆಸಿದ ಕಾರ್ಯಕ್ರಮದ ಧ್ವನಿಮುದ್ರಣವನ್ನು, ಅಂದರೆ ಮರುವರ್ಷ ಹೊರಬಂದ ‘ರಶ್ ಇನ್ ರಿಯೊ’ವನ್ನು, ಒಂದು ತಿಂಗಳಿಂದ ಬಿಡದೆ ಕೇಳುತ್ತಿದ್ದೇನೆ. ತಂಡದ ಸ್ಟುಡಿಯೊ ಆಲ್ಬಮ್‌ಗಳು ನನಗೆ ಬಹುಕಾಲದಿಂದ ಪರಿಚಿತ. ಆದರೆ ಈ ಮುದ್ರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವೇದಿಕೆಯ ಮೇಲಿದ್ದ ಮೂವರಲ್ಲ, ಕೆಳಗೆ ನಿಂತಿದ್ದ ಜನ. ‘ವೈವೈಜೆಡ್’ ಎಂಬ ಕೃತಿಯಲ್ಲಿ ಸಾಹಿತ್ಯವೇ ಇಲ್ಲ. ಅದು ಬರಿಯ ವಾದ್ಯಸಂಗೀತ. ಹಾಗಿದ್ದರೂ ಅಲ್ಲಿಯ ಜನ ಗಿಟಾರಿನ ಸ್ವರಗಳನ್ನೇ ಬಾಯಲ್ಲಿ ಹಾಡುತ್ತಾರೆ, ಹಾಡುತ್ತಲೇ ಕುಣಿಯುತ್ತಾರೆ.

ನನ್ನ ಭಾವಮೈದುನ ಇದನ್ನು ಒಪ್ಪುವುದಿಲ್ಲ. ಜನರ ಗದ್ದಲದಲ್ಲಿ ವಾದ್ಯಗಳು ಮುಳುಗಿಹೋಗಿವೆ, ಇದು ಕೆಟ್ಟ ಮುದ್ರಣ ಎಂಬುದು ಅವನ ದೃಢವಾದ ಅಭಿಪ್ರಾಯ. ಜನರ ಸದ್ದನ್ನು ಇಷ್ಟು ಮುಂದಕ್ಕೆ ತರುವುದು ತಾಂತ್ರಿಕ ದೋಷವೇ? ಅದನ್ನು ಹಿಡಿಯುವುದಾದರೂ ಹೇಗೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಿಕ್ಸರ್ ಹಿಂದೆ

ನಾನು ಹಲವು ವರ್ಷಗಳಿಂದ ಯಕ್ಷಗಾನ, ಜಾತ್ರೆ ಮತ್ತು ಕಾಲೇಜು ಉತ್ಸವಗಳ ಧ್ವನಿವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದೇನೆ. ವಾದ್ಯಗಳ ಮುಂದಿರುವ ಮೈಕುಗಳು ಜನರನ್ನು ಹೆಚ್ಚಾಗಿ ಹಿಡಿಯುವುದಿಲ್ಲ. ಆದುದರಿಂದ ನೇರ ಕಾರ್ಯಕ್ರಮವನ್ನು ಮುದ್ರಿಸುವವರು ವೇದಿಕೆಯ ಅಂಚಿನಲ್ಲಿ ಜನರತ್ತ ಮುಖಮಾಡಿ ಕೆಲವು ಮೈಕುಗಳನ್ನೂ, ಮೈದಾನದ ನಡುವೆ ಮಿಕ್ಸರ್ ಇರುವ ಜಾಗದಲ್ಲಿ ಇನ್ನು ಕೆಲವನ್ನೂ ನಿಲ್ಲಿಸುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಚಲಿಸುವುದರಿಂದ, ವೇದಿಕೆಯಿಂದ 100 ಮೀಟರ್ ದೂರದಲ್ಲಿ ನಿಂತವನಿಗೆ ಡ್ರಮ್ಮಿನ ಪೆಟ್ಟು ಸೆಕೆಂಡಿನ ಸುಮಾರು ಮೂರನೆಯ ಒಂದು ಭಾಗದಷ್ಟು ತಡವಾಗಿ ಕೇಳಿಸುತ್ತದೆ. ಅವನು ಹಾಡುವುದು ತಾನು ಕೇಳಿದ್ದಕ್ಕೆ ತಕ್ಕಂತೆ, ಮತ್ತು ಅವನ ದನಿ ಮುಂದಿನ ಮೈಕಿಗೆ ಮರಳಿ ಬರುವುದಕ್ಕೆ ಮತ್ತೆ ಅಷ್ಟೇ ಹೊತ್ತು ಬೇಕು. ವೇಗದ ಹಾಡಿನಲ್ಲಿ ಇಷ್ಟು ಅಂತರವಾದರೆ ತಾಳದ ಒಂದು ಇಡೀ ಪೆಟ್ಟೇ ಜಾರಿಹೋಗುತ್ತದೆ. ದೊಡ್ಡ ಜನಸಮೂಹದ ಗಾಯನ ಅಲೆಯಂತೆ ಅಂಚು ಮೊಂಡಾಗಿ ಕೇಳುವುದಕ್ಕೆ ಕಾರಣ ಇದೇ. ಅವರು ತಾಳ ತಪ್ಪಿದ್ದಾರೆಂದು ದಯವಿಟ್ಟು ಭಾವಿಸಬೇಡಿ.

ಮಿಕ್ಸಿಂಗ್ ಮಾಡುವವರು ದೂರದ ಮೈಕುಗಳ ಟ್ರ್ಯಾಕುಗಳನ್ನು ಕಾಲದಲ್ಲಿ ಹಿಂದಕ್ಕೆ ಸರಿಸಿ ಹೊಂದಿಸಬಹುದು. ಆದರೆ ಆ ಮೈಕುಗಳಲ್ಲಿ ಜನರ ಜೊತೆಗೆ ದೊಡ್ಡ ಸ್ಪೀಕರುಗಳ ಸದ್ದೂ ಕ್ರೀಡಾಂಗಣದ ಪ್ರತಿಧ್ವನಿಯೂ ತುಂಬಿರುತ್ತವೆ. ಜನರನ್ನು ಏರಿಸಿದಷ್ಟೂ ವಾದ್ಯಗಳು ಮಸುಕಾಗುತ್ತವೆ. ಜನ ಬೇಕೆಂದರೆ ಮಸುಕನ್ನೂ ಒಪ್ಪಿಕೊಳ್ಳಬೇಕು, ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಇದಲ್ಲದೆ ರಿಯೊದಲ್ಲಿ ಇನ್ನೊಂದು ತೊಂದರೆಯಿತ್ತು. ಹಿಂದಿನ ರಾತ್ರಿಯಷ್ಟೇ ಸಾವೊ ಪಾಲೊದಲ್ಲಿ ಕಾರ್ಯಕ್ರಮ ಮುಗಿಸಿ ಹೊರಟಿದ್ದ ಸಾಮಗ್ರಿಯ ಲಾರಿಗಳು ತಡವಾಗಿ ತಲುಪಿದ್ದರಿಂದ ಸೌಂಡ್ ಚೆಕ್ ಮಾಡುವಷ್ಟೂ ಸಮಯ ಸಿಗಲಿಲ್ಲ. ಮೈಕ್ ನಿಲ್ಲಿಸಿ, ತಂತಿ ಎಳೆದು, ಒಮ್ಮೆಯೂ ಪರೀಕ್ಷಿಸದೆ ನೇರವಾಗಿ ಮುದ್ರಣಕ್ಕೆ ಇಳಿಯುವುದೆಂದರೆ ಎಂಥ ಸಂಕಟ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು. ಆ ರಾತ್ರಿ ಇಷ್ಟಾದರೂ ದಕ್ಕಿತಲ್ಲ ಎಂದು ನಾನು ಕೃತಜ್ಞನಾಗಿದ್ದೇನೆ.

ಉತ್ತರ 2: ಹಳೆಯ ಕ್ಯಾಸೆಟ್

ನಿಮ್ಮ ಭಾವಮೈದುನನ ಪಕ್ಷವನ್ನು ನಾನು ವಹಿಸುತ್ತೇನೆ. ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೊಗಳಲ್ಲಿ ಮೂರು ರಾತ್ರಿ ನುಡಿಸಿದ್ದನ್ನು ‘ಮೇಡ್ ಇನ್ ಜಪಾನ್’ ಹೆಸರಿನಲ್ಲಿ ಕೇಳಿ ನೋಡಿ. ಅಲ್ಲಿ ಪ್ರತಿ ವಾದ್ಯವೂ ಎದುರಿಗೆ ಕುಳಿತು ನುಡಿಸಿದಂತೆ ಸ್ಪಷ್ಟವಾಗಿದೆ, ಮತ್ತು ನೇರ ಕಾರ್ಯಕ್ರಮದ ಬಿಸಿಯೂ ಕಡಿಮೆಯಾಗಿಲ್ಲ. ರಶ್ ತಂಡದ ನೀಲ್ ಪಿಯರ್ಟ್ ಅವರಂಥ ಡ್ರಮ್ಮರ್ ನುಡಿಸುವಾಗ ಒಂದೊಂದು ಪೆಟ್ಟೂ ನನಗೆ ಕೇಳಬೇಕು. ರಿಯೊ ಮುದ್ರಣದಲ್ಲಿ ಅದು ಕೇಳುವುದಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಉತ್ತರ 3: ಷಟ್ಪದಿ

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಸಾಹಿತ್ಯವಿಲ್ಲದ ಕೃತಿಯನ್ನು ಜನ ಹೇಗೆ ಹಾಡಿದರು ಎಂಬ ಮಾತಿಗೆ ಒಂದು ಸಂಗತಿಯನ್ನು ಸೇರಿಸುತ್ತೇನೆ. ವೈವೈಜೆಡ್ ಎನ್ನುವುದು ಟೊರಾಂಟೊದ ಪಿಯರ್ಸನ್ ವಿಮಾನನಿಲ್ದಾಣದ ಸಂಕೇತ. ಆ ಮೂರು ಅಕ್ಷರಗಳನ್ನು ತಂತಿ ಸಂದೇಶಕ್ಕೆ ಬಳಸುತ್ತಿದ್ದ, ಗೆರೆ ಚುಕ್ಕಿಗಳ ಮೋರ್ಸ್ ಲಿಪಿಯಲ್ಲಿ ಬರೆದಾಗ ಬರುವ ಲಯವೇ ಕೃತಿಯ ಆರಂಭ. ಮೋರ್ಸ್‌ನ ಗೆರೆಯನ್ನು ಗುರುವೆಂದೂ ಚುಕ್ಕಿಯನ್ನು ಲಘುವೆಂದೂ ಎಣಿಸಿ ಪ್ರಸ್ತಾರ ಹಾಕಿ. ‘ವೈ’ ಎಂಬುದು ಗುರು, ಲಘು, ಗುರು, ಗುರು, ಅಂದರೆ ಏಳು ಮಾತ್ರೆ. ಅದು ಎರಡು ಬಾರಿ ಬರುತ್ತದೆ. ‘ಜೆಡ್’ ಎಂಬುದು ಗುರು, ಗುರು, ಲಘು, ಲಘು, ಅಂದರೆ ಆರು ಮಾತ್ರೆ. ಒಟ್ಟು ಇಪ್ಪತ್ತು ಮಾತ್ರೆಗಳ ಒಂದು ಸಾಲು! ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ಮೈ ನವಿರೆದ್ದಿತು. ಮಾತಿಲ್ಲದಿದ್ದರೂ ಅದಕ್ಕೆ ಛಂದಸ್ಸಿದೆ, ಮತ್ತು ಛಂದಸ್ಸಿರುವುದು ಬಾಯಿಗೆ ಬಂದೇ ಬರುತ್ತದೆ.

ಇನ್ನೊಂದನ್ನು ಮರೆಯಬಾರದು. ಪಿಯರ್ಟ್ ಅವರು 1997ರಲ್ಲಿ ಮಗಳನ್ನೂ 1998ರಲ್ಲಿ ಪತ್ನಿಯನ್ನೂ ಕಳೆದುಕೊಂಡಿದ್ದರು. ತಂಡ ಮತ್ತೆ ವೇದಿಕೆ ಏರುವುದೇ ಅನುಮಾನವಾಗಿತ್ತು. 2002ರಲ್ಲಿ ಮರಳಿ ಬಂದವರು ಆ ಪ್ರವಾಸದ ಕಡೆಯ ರಾತ್ರಿ ನುಡಿಸಿದ್ದು ರಿಯೊದಲ್ಲಿ. ಬ್ರೆಜಿಲ್‌ನಲ್ಲಿ ಅವರು ಆ ಪ್ರವಾಸಕ್ಕೆ ಮೊದಲು ನುಡಿಸಿಯೇ ಇರಲಿಲ್ಲ. ಆದರೆ ಅವರ ‘ಟಾಮ್ ಸಾಯರ್’ ಹಾಡು ಅಲ್ಲಿಯ ದೂರದರ್ಶನದಲ್ಲಿ ‘ಮ್ಯಾಕ್‌ಗೈವರ್’ ಧಾರಾವಾಹಿಯ ಶೀರ್ಷಿಕೆಗೆ ಬಳಕೆಯಾಗಿ ಮನೆಮನೆಗೂ ತಲುಪಿತ್ತು. ಅಷ್ಟು ವರ್ಷ ಕಾದ ಜನ ಅವರು. ಆ ಕೂಗನ್ನು ಗದ್ದಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ 4: ಅರಮನೆ ಮೈದಾನ 2007

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಐರನ್ ಮೇಡನ್ ತಂಡ ನುಡಿಸಿದಾಗ ನಾನು ಜನರ ನಡುವೆ ನಿಂತಿದ್ದೆ. ‘ಫಿಯರ್ ಆಫ್ ದ ಡಾರ್ಕ್’ ಹಾಡಿನ ಗಿಟಾರ್ ಸ್ವರಗಳನ್ನು ನನ್ನ ಸುತ್ತಲಿದ್ದವರೆಲ್ಲ ಓ ಎಂದು ಎತ್ತಿಕೊಂಡರು. ಅದೇ ತಂಡ 2001ರ ಜನವರಿಯಲ್ಲಿ ರಿಯೊದಲ್ಲಿ ಮುದ್ರಿಸಿದ ‘ರಾಕ್ ಇನ್ ರಿಯೊ’ದಲ್ಲಿ ಜನ ಹಾಡಿದ್ದನ್ನು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು. ಹೀಗೆ ಅಲ್ಲಿಯ ಶ್ರೋತೃಗಳೇ ನಮಗೆ ಹಾಡಲು ಕಲಿಸಿದ್ದರು. ಆ ಸಂಜೆ ನನ್ನ ಸಣ್ಣ ಮೊಬೈಲಿನಲ್ಲಿ ನಾನೂ ಒಂದಿಷ್ಟು ಮುದ್ರಿಸಿಕೊಂಡಿದ್ದೆ. ಡ್ರಮ್ಮು ಬೇಸುಗಳ ಅಬ್ಬರಕ್ಕೆ ಅದರ ಮೈಕು ತಡೆಯದೆ ಬಹುಪಾಲು ಬರಿಯ ಗರಗರ ಸದ್ದಾಗಿದೆ. ವಾದ್ಯಗಳು ತಗ್ಗಿದಾಗ ಮಾತ್ರ ಜನರ ದನಿ, ಅದರಲ್ಲಿಯೂ ಪಕ್ಕದಲ್ಲಿದ್ದ ಅಪರಿಚಿತನೊಬ್ಬನ ಗಂಟಲು, ನಿಚ್ಚಳವಾಗಿ ಉಳಿದಿದೆ. ಅವನ ಶ್ರುತಿ ಸರಿಯಿಲ್ಲ. ಆದರೂ ಆ ತುಣುಕನ್ನು ನಾನು ಪ್ರತಿ ಹೊಸ ಫೋನಿಗೂ ತಪ್ಪದೆ ವರ್ಗಾಯಿಸಿಕೊಳ್ಳುತ್ತೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ‘ವೈವೈಜೆಡ್’ಅನ್ನು ಹೆಡ್‌ಫೋನಿನಲ್ಲಿ ಮತ್ತೆ ಎರಡು ಸಲ ಕೇಳಿದೆ. ಒಮ್ಮೆ ಡ್ರಮ್ಮನ್ನಷ್ಟೇ ಹಿಂಬಾಲಿಸಿದೆ. ಹಳೆಯ ಕ್ಯಾಸೆಟ್ ಅವರ ನೋವು ನ್ಯಾಯವಾದದ್ದೆಂದು ಆಗ ತಿಳಿಯಿತು. ಇನ್ನೊಮ್ಮೆ ಜನರನ್ನಷ್ಟೇ ಹಿಂಬಾಲಿಸಿದೆ. ಭಾವಮೈದುನ ಇನ್ನೂ ಒಪ್ಪಿಲ್ಲ. ಒಂಬತ್ತನೆಯ ತರಗತಿಯಲ್ಲಿರುವ ಮಗಳಿಗೆ ಷಟ್ಪದಿಯವರ ಪ್ರಸ್ತಾರವನ್ನು ತೋರಿಸಿದೆ. ಬೆಳಗಿನಿಂದ ಅವಳು ಊಟದ ಮೇಜಿನ ಮೇಲೆ ಬೆರಳಿನಲ್ಲಿ ಗುರು, ಲಘು, ಗುರು, ಗುರು ಎಂದು ತಟ್ಟುತ್ತಿದ್ದಾಳೆ.