ಕೆ-ಸೆಟ್ ಪ್ಯಾಸೇಜ್: ಅಹಮದಾಬಾದ್ ಗಿರಣಿ ಹೋರಾಟ, ಯಾವ ಉತ್ತರ ಸರಿ?

ಸುರಪುರದ ಓದುಗಿ

ಎಲ್ಲರಿಗೂ ನಮಸ್ಕಾರ. ನಾನು ಸುರಪುರ ತಾಲೂಕಿನವಳು, ಎಂ.ಎ. ಇತಿಹಾಸ. ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು, ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದುತ್ತಿದ್ದೇನೆ. ರೂಮಿನಲ್ಲಿ ಮೂವರಿದ್ದೇವೆ. ರಾತ್ರಿ ಊಟ ಆದ ಮೇಲೆ ಒಂದು ಪ್ಯಾಸೇಜ್ ಬಿಡಿಸುತ್ತೇವೆ. ಈ ಸಲದ ಪ್ಯಾಸೇಜಿನ ಮೇಲೆ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅದರ ಸಾರ ಹೀಗಿದೆ:

"1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗ್ ಹರಡಿತು. ಕೆಲಸಗಾರರು ಊರು ಬಿಡತೊಡಗಿದರು. ಗಿರಣಿ ಮಾಲೀಕರು ಪ್ಲೇಗ್ ಬೋನಸ್ ಕೊಡಲು ಶುರು ಮಾಡಿದರು. ಕೆಲವರಿಗೆ ಅದು ಕೂಲಿಯ ಶೇ 70ರಿಂದ 80ರಷ್ಟಿತ್ತು. ರೋಗ ತಗ್ಗಿದ ಮೇಲೆ, 1918ರ ಆರಂಭದಲ್ಲಿ, ಬೋನಸ್ ನಿಲ್ಲಿಸಲು ಮುಂದಾದರು. ಅಷ್ಟರಲ್ಲಿ ಯುದ್ಧದಿಂದಾಗಿ ಸಾಮಾನಿನ ಬೆಲೆ ಏರಿತ್ತು. ಕಾರ್ಮಿಕರು ಶೇ 50 ಹೆಚ್ಚಳ ಕೇಳಿದರು. ಮಾಲೀಕರು ಶೇ 20 ಎಂದರು. ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಮುಚ್ಚಿದರು. ಗಾಂಧೀಜಿ ಶೇ 35 ನ್ಯಾಯವಾದದ್ದು ಎಂದರು, ಕಾರ್ಮಿಕರು ಒಪ್ಪಿದರು. ಮಾರ್ಚ್ 12ರಂದು ಶೇ 20 ಒಪ್ಪುವವರಿಗಾಗಿ ಬಾಗಿಲು ತೆರೆಯಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೂತರು. ಮಾರ್ಚ್ 18ರಂದು ಒಪ್ಪಂದವಾಯಿತು. ಮೊದಲ ದಿನ ಶೇ 35, ಎರಡನೆಯ ದಿನ ಶೇ 20, ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಶೇ 27.5. ಕೊನೆಗೆ ಮಧ್ಯಸ್ಥರು ಶೇ 35 ಎಂದು ತೀರ್ಪು ಕೊಟ್ಟರು."

ಪ್ರಶ್ನೆ 1: ಮಾಲೀಕರು ಪ್ಲೇಗ್ ಬೋನಸ್ ಕೊಟ್ಟದ್ದು ಏಕೆ?
ಅ) ಕಾರ್ಮಿಕರ ಮೇಲಿನ ಕರುಣೆಯಿಂದ
ಆ) ಕೆಲಸಗಾರರು ಊರು ಬಿಡದಂತೆ ತಡೆಯಲು
ಇ) ಮುಷ್ಕರಕ್ಕೆ ಹೆದರಿ
ಈ) ಬೆಲೆ ಏರಿಕೆಗೆ ಪರಿಹಾರವಾಗಿ

ಪ್ರಶ್ನೆ 2: ಈ ಭಾಗದ ಪ್ರಕಾರ ಹೋರಾಟದ ಫಲವೇನು?
ಅ) ಕಾರ್ಮಿಕರ ಮೊದಲ ಬೇಡಿಕೆ ಪೂರ್ತಿ ಈಡೇರಿತು
ಆ) ಗಾಂಧೀಜಿ ಹೇಳಿದ ಪ್ರಮಾಣವೇ ಕೊನೆಯ ತೀರ್ಪಿನಲ್ಲಿ ಸಿಕ್ಕಿತು
ಇ) ಉಪವಾಸಕ್ಕೆ ಮಣಿದು ಮಾಲೀಕರು ಶೇ 35ನ್ನು ಕಾಯಂ ಆಗಿ ಒಪ್ಪಿದರು
ಈ) ಅಹಮದಾಬಾದಿನಲ್ಲಿ ಜವಳಿ ಕಾರ್ಮಿಕರ ಸಂಘ ಹುಟ್ಟಿತು

ಕೀ ಉತ್ತರ ಎರಡಕ್ಕೂ (ಆ). ಮೊದಲನೆಯದಕ್ಕೆ ಒಬ್ಬ ಗೆಳತಿ (ಈ) ಅನ್ನುತ್ತಾಳೆ, ಬೆಲೆ ಏರಿಕೆ ಪ್ಯಾಸೇಜಿನಲ್ಲೇ ಇದೆಯಲ್ಲ ಎಂದು. ಎರಡನೆಯದಕ್ಕೆ ಇನ್ನೊಬ್ಬಳು (ಈ) ಅನ್ನುತ್ತಾಳೆ. 1920ರಲ್ಲಿ ಸಂಘ ಆದದ್ದು ನಿಜ, ನಾವೆಲ್ಲ ಓದಿದ್ದೇವೆ. "ನಿಜವಾದ ಮಾತು ತಪ್ಪು ಉತ್ತರ ಹೇಗೆ ಆಗುತ್ತೆ?" ಎಂದು ಅವಳು ಕೇಳಿದರೆ ಕೀ ತೋರಿಸುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಇನ್ನೊಂದು ಮಾತು. ನಮ್ಮ ಮನೆಯವರು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುವವರು. ಹೀಗಾಗಿ ಕೂಲಿ, ಮುಷ್ಕರದ ವಿಷಯ ಬಂದರೆ ಕಾರ್ಮಿಕರ ಪರ ಇರುವ ಆಯ್ಕೆಯ ಕಡೆಗೇ ಮನಸ್ಸು ವಾಲುತ್ತದೆ. ಓದುವಾಗ ಇದನ್ನು ಬದಿಗಿಡಬೇಕಾ?

ಆಳಂದ ರೋಡ್

ಅಕ್ಕ, ಪೇಪರ್ 1ರಲ್ಲಿ 50 ಪ್ರಶ್ನೆ, 100 ಅಂಕ. ಪ್ಯಾಸೇಜಿಗೆ ಸಾಮಾನ್ಯವಾಗಿ 5 ಪ್ರಶ್ನೆ. ತಪ್ಪಾದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಬಿಡಬೇಡಿ. ಪ್ರಶ್ನೆಗಳನ್ನು ಮೊದಲು ಓದಿ, ಆಮೇಲೆ ಪ್ಯಾಸೇಜಿಗೆ ಹೋಗಿ. ಟೈಮ್ ಉಳಿಯುತ್ತದೆ. ಪ್ಯಾಸೇಜಿನಲ್ಲಿ ಇಲ್ಲದ್ದು ಎಷ್ಟು ನಿಜವಾದರೂ ಬಿಟ್ಟುಬಿಡಿ, ಅಷ್ಟೇ.

ಬ್ರಹ್ಮಪುರದ ಮೇಷ್ಟ್ರು

ನೋಡವ್ವ ತಂಗಿ, ಮೇಲಿನ ತಮ್ಮ ಹೇಳಿದ್ದು ಸರಿ. ಆದರೆ ಯಾಕೆ ಬಿಡಬೇಕು ಅನ್ನುವುದು ಗೊತ್ತಾಗದೆ ನಿನ್ನ ಗೆಳತಿ ಒಪ್ಪುವುದಿಲ್ಲ. ಒಪ್ಪಲೂಬಾರದು. ನಾನು ಪಿ.ಯು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನಾನು ಕಂಡಂತೆ ಇತಿಹಾಸ ಚೆನ್ನಾಗಿ ಓದಿದ ಮಕ್ಕಳೇ ಇಂಥ ಕಡೆ ಜಾಸ್ತಿ ಎಡವುತ್ತಾರೆ.

ಅವಳು ಹೇಳುವ ಸಂಘ ಮಜೂರ್ ಮಹಾಜನ್. 1920ರಲ್ಲಿ ಆಯಿತು, ಅನಸೂಯಾ ಸಾರಾಭಾಯಿ ಅದರ ಮುಂದಾಳು. ಅದರ ಬೇರು 1918ರ ಈ ಹೋರಾಟದಲ್ಲೇ ಇದೆ ಅಂದರೂ ತಪ್ಪಿಲ್ಲ. ಪ್ರಬಂಧ ಬರೆಯುವಾಗ ಅದನ್ನು ಬರೆಯದಿದ್ದರೆ ನಾನೇ ಅಂಕ ಕಡಿಮೆ ಕೊಡುತ್ತಿದ್ದೆ. ಇಲ್ಲಿ ಕೇಳಿದ್ದು ಬೇರೆ. ಈ ಹತ್ತು ಹನ್ನೆರಡು ಸಾಲುಗಳ ಬಲದ ಮೇಲೆ ಏನು ಹೇಳಬಹುದು ಎಂದು ಕೇಳಿದ್ದಾರೆ. ನ್ಯಾಯಾಧೀಶರು ಓಣಿಯಲ್ಲಿ ತಮ್ಮ ಕಿವಿಗೆ ಬಿದ್ದದ್ದನ್ನು ತೀರ್ಪಿನಲ್ಲಿ ಸೇರಿಸುವುದಿಲ್ಲ, ಸಾಕ್ಷಿ ಹೇಳಿದ್ದನ್ನಷ್ಟೇ ತೂಗುತ್ತಾರೆ. ಇದೂ ಹಾಗೆ. ಪ್ಯಾಸೇಜ್ ಮಧ್ಯಸ್ಥರ ತೀರ್ಪಿಗೆ ಬಂದು ನಿಲ್ಲುತ್ತದೆ. 1920ಕ್ಕೆ ಹೋಗುವುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ಈಗ ಕಾರ್ಮಿಕ ಇತಿಹಾಸಕ್ಕೇ ಸೇರಿದ ಒಂದು ವಿಷಯ ಹೇಳುತ್ತೇನೆ. ಇಂಥ ಪ್ಯಾಸೇಜಿನಲ್ಲಿ ಯಾವಾಗಲೂ ಎರಡು ಮೂರು ಬಣ ಇರುತ್ತವೆ: ದುಡಿಯುವವರು, ದುಡಿಸುವವರು, ನಡುವೆ ಸರ್ಕಾರವೋ ಮುಖಂಡರೋ. ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಬರೆದ ಆಯ್ಕೆ ಒಂದಾದರೂ ಇದ್ದೇ ಇರುತ್ತದೆ. ಅದಕ್ಕೇ ನಾನು ಮಕ್ಕಳಿಗೆ ಪ್ರತಿ ಅಂಕಿಯ ಪಕ್ಕ, ಪ್ರತಿ ಕಾರಣದ ಪಕ್ಕ ಅದು ಯಾರದು ಎಂದು ಪೆನ್ಸಿಲಿನಿಂದ ಬರೆಯಲು ಹೇಳುತ್ತಿದ್ದೆ.

ಮಾಡಿ ನೋಡು. ಶೇ 50 ಕಾರ್ಮಿಕರದು. ಶೇ 20 ಮಾಲೀಕರದು. ಶೇ 35 ಮೊದಲು ಗಾಂಧೀಜಿಯವರದು, ಆಮೇಲೆ ಕಾರ್ಮಿಕರದೂ ಆಯಿತು. ಶೇ 27.5 ಯಾರದೂ ಅಲ್ಲ, ನಡುವಿನದು. ಕೊನೆಯ ಶೇ 35 ಮಧ್ಯಸ್ಥರದು. ಇಷ್ಟು ಬರೆದರೆ ಎರಡನೆಯ ಪ್ರಶ್ನೆಯ (ಅ) ತಾನಾಗೇ ಬಿದ್ದುಹೋಗುತ್ತದೆ, ಮೊದಲ ಬೇಡಿಕೆ 50 ಇತ್ತಲ್ವಾ? (ಇ) ಕೂಡ ಬೀಳುತ್ತದೆ. ಒಪ್ಪಂದದಲ್ಲಿ ಶೇ 35 ಸಿಕ್ಕಿದ್ದು ಒಂದೇ ದಿನದ ಮಟ್ಟಿಗೆ.

ಆ ಮೂರು ದಿನದ ಲೆಕ್ಕದ ಮೇಲೆ ಸ್ವಲ್ಪ ನಿಲ್ಲು. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ ಜಾಗ ಅದು. ಶೇ 35ಕ್ಕಿಂತ ಕಡಿಮೆಗೆ ಕೆಲಸಕ್ಕೆ ಮರಳುವುದಿಲ್ಲ ಎಂದು ಕಾರ್ಮಿಕರು ಪ್ರತಿಜ್ಞೆ ಮಾಡಿದ್ದರು. ಮೊದಲ ದಿನ ಶೇ 35 ಕೊಟ್ಟದ್ದರಿಂದ ಅವರ ಮಾತು ಉಳಿಯಿತು. ಎರಡನೆಯ ದಿನ ಶೇ 20 ಆದದ್ದರಿಂದ ಮಾಲೀಕರ ಮಾತೂ ಉಳಿಯಿತು. ಪ್ರತಿಜ್ಞೆಯ ವಿಷಯ ನಿನ್ನ ಪ್ಯಾಸೇಜಿನಲ್ಲಿಲ್ಲ. ಆದರೂ "ಈ ಏರ್ಪಾಡಿನ ಉದ್ದೇಶ ಏನಿರಬಹುದು?" ಎಂದು ಕೇಳಿದರೆ, "ಎರಡೂ ಕಡೆಯ ಹಟಕ್ಕೆ ಜಾಗ ಕೊಡುವುದು" ಎಂಬ ಆಯ್ಕೆಯನ್ನು ಧೈರ್ಯವಾಗಿ ಆರಿಸಬಹುದು. ಅಂಕಿಗಳೇ ಅದನ್ನು ಹೇಳುತ್ತವೆ. ಊಹೆ ಮಾಡಬಾರದು ಎಂದೇನಿಲ್ಲ. ಸಾಲಿನ ಒಳಗಿಂದ ಹುಟ್ಟಿದ ಊಹೆಯಾಗಿದ್ದರೆ ಸಾಕು.

ಮೊದಲ ಪ್ರಶ್ನೆಗೆ ಬರೋಣ. ಬೆಲೆ ಏರಿಕೆ ಪ್ಯಾಸೇಜಿನಲ್ಲಿ ಇದೆ, ನಿಜ. ಯಾರ ಕಾರಣವಾಗಿ ಇದೆ? ಕಾರ್ಮಿಕರು ಶೇ 50 ಕೇಳಿದ್ದಕ್ಕೆ ಅದು ಕಾರಣ, ಅದೂ 1918ರಲ್ಲಿ. ಬೋನಸ್ 1917ರದ್ದು, ಕೊಟ್ಟವರು ಮಾಲೀಕರು. ಅದರ ಹಿಂದಿನ ಸಾಲಿನಲ್ಲಿ ಇರುವುದು "ಕೆಲಸಗಾರರು ಊರು ಬಿಡತೊಡಗಿದರು" ಎಂದು. ಮಗ್ಗ ನಡೆಸುವ ಕೈಯೇ ಇಲ್ಲದಿದ್ದರೆ ಗಿರಣಿ ನಡೆಯುವುದಿಲ್ಲ. ರೋಗ ತಗ್ಗಿದ ಕೂಡಲೇ ಬೋನಸ್ ನಿಲ್ಲಿಸಲು ಹೊರಟರು ಎಂಬುದೂ ಇದಕ್ಕೇ ಬಲ ಕೊಡುತ್ತದೆ.

ಇನ್ನೊಂದು ಕಡೆ ಮಕ್ಕಳು ಗಮನಿಸುವುದಿಲ್ಲ. ಈ ಘಟನೆಯನ್ನು ಎಲ್ಲರೂ "ಅಹಮದಾಬಾದ್ ಮುಷ್ಕರ" ಎಂದೇ ಓದಿರುತ್ತಾರೆ. ಆದರೆ ಫೆಬ್ರವರಿ 22ರಂದು ಬಾಗಿಲು ಹಾಕಿದವರು ಯಾರು? ಮಾಲೀಕರು. ಬಾಗಿಲು ತೆರೆದ ಮೇಲೂ ಕಾರ್ಮಿಕರು ಒಳಗೆ ಹೋಗದೆ ನಿಂತದ್ದು ಮಾರ್ಚ್ 12ರ ನಂತರ. "ಮೊದಲು ಕೆಲಸ ನಿಲ್ಲಿಸಿದವರು ಯಾರು?" ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕಾರ್ಮಿಕರು ಅಂದುಬಿಡುತ್ತಾರೆ. ಓದಿದ ತಲೆಬರಹ ಮನಸ್ಸಿನಲ್ಲಿ ಕೂತಿರುತ್ತದೆ, ಕಣ್ಣ ಮುಂದಿನ ಸಾಲು ಕಾಣುವುದಿಲ್ಲ.

ಈಗ ನಿನ್ನ ಕೊನೆಯ ಪ್ರಶ್ನೆ. ನನಗೆ ಅದೇ ಮುಖ್ಯ. ನಾನು ಬೆಳೆದ ಓಣಿಯಲ್ಲಿ ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿಗೆ ಹೋಗುವವರ ಮನೆಗಳಿದ್ದವು. ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಬದ್ಲಿ ಕೆಲಸಗಾರ, ಅಂದರೆ ಬಾರದವರ ಬದಲಿಗೆ ದಿನದ ಮಟ್ಟಿಗೆ ಕೆಲಸ ಸಿಗುವವನು, ಬೆಳಿಗ್ಗೆ ಗೇಟಿನ ಮುಂದೆ ಕಾಯುವುದು, ಹೆಸರು ಕೂಗದಿದ್ದರೆ ಬುತ್ತಿ ಬಿಚ್ಚದೆ ಮನೆಗೆ ತಿರುಗಿ ಬರುವುದು, ಇದೆಲ್ಲ ನಾನು ಕೇಳಿದ್ದು ಅವರ ಬಾಯಿಂದ. ಆಮೇಲೆ ಪುಸ್ತಕದಲ್ಲಿ ಕಾರ್ಮಿಕರ ಬಗ್ಗೆ ಒಣ ಸಾಲು ಓದಿದಾಗಲೆಲ್ಲ ನನಗೆ ಅವರ ಮುಖ ಕಾಣುತ್ತಿತ್ತು. ಅದು ನನ್ನ ಓದನ್ನು ಕೆಡಿಸಲಿಲ್ಲ. ಎಚ್ಚರ ಮಾಡಿತು.

ಅದಕ್ಕೆ ಹೇಳುತ್ತೇನೆ, ಬದಿಗಿಡಬೇಡ. ಕೆಲಸಗಾರರು ಊರು ಬಿಟ್ಟರೆ ಮಾಲೀಕನಿಗೆ ಏನಾಗುತ್ತದೆ ಎಂಬುದು ಗುಳೆ ಕಂಡ ನಿನಗೆ ತಟ್ಟನೆ ಹೊಳೆಯುತ್ತದೆ, ಬೇರೆಯವರು ತಡಕಾಡುತ್ತಾರೆ. ಆದರೆ ಕಾರ್ಮಿಕರು ಆಡದ ಮಾತನ್ನು ಅವರ ಬಾಯಿಗೆ ತುರುಕುವ ಆಯ್ಕೆ ಅವರ ಪರವಾದದ್ದು ಹೇಗಾಗುತ್ತದೆ? 50 ಕೇಳಿ 35ಕ್ಕೆ ಬಂದರು ಎಂಬುದು ಅವರ ಸೋಲಲ್ಲ. ಅವರು ತೂಗಿ ನೋಡಿ ತೆಗೆದುಕೊಂಡ ತೀರ್ಮಾನ. "ಪೂರ್ತಿ ಗೆದ್ದರು" ಎಂದು ಗುರುತು ಹಾಕಿದರೆ ಆ ತೀರ್ಮಾನವನ್ನೇ ಅಳಿಸಿದಂತೆ. ಅವರು ಮಾಡಿದ್ದನ್ನು ಮಾಡಿದಷ್ಟೇ ಓದುವುದು ಅವರಿಗೆ ಕೊಡುವ ಮರ್ಯಾದೆ.

ಭಾಲ್ಕಿ ಟೀಚರ್

ಸರ್, ಪೆನ್ಸಿಲಿನಿಂದ ಹೆಸರು ಬರೆಯುವುದನ್ನು ನಾಳೆಯೇ ನನ್ನ ಹತ್ತನೇ ತರಗತಿಯಲ್ಲಿ ಮಾಡಿಸುತ್ತೇನೆ. ಪ್ರಶ್ನೆ ಮೊದಲು ಓದಬೇಕು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ಮಕ್ಕಳು ಹಾಗೆ ಮಾಡಿದರೆ ಪ್ಯಾಸೇಜಿನಲ್ಲಿ ಪದ ಹುಡುಕುತ್ತಾರೆ, ಓದುವುದಿಲ್ಲ. "ಬೆಲೆ" ಸಿಕ್ಕಿತು, ಗುರುತು ಹಾಕು, ಅಷ್ಟೇ. ಒಮ್ಮೆ ಪೂರ್ತಿ ಓದಿ ಆಮೇಲೆ ಪ್ರಶ್ನೆಗೆ ಹೋಗುವುದೇ ವಾಸಿ. ಎರಡು ನಿಮಿಷ ಹೋದರೆ ಹೋಗಲಿ.

ನನ್ನ ಅನುಭವದಲ್ಲಿ ಹೆಣ್ಣುಮಕ್ಕಳ ವಿಷಯ ಬಂದಾಗ ಬಹಳ ತಪ್ಪಾಗುತ್ತದೆ. 1891ರ ಕಾರ್ಖಾನೆ ಕಾಯ್ದೆ ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆ ಮಿತಿ ಹಾಕಿತು. ಮಕ್ಕಳು ಅದನ್ನು "ಕಾರ್ಮಿಕರಿಗೆ 11 ಗಂಟೆ" ಎಂದು ಓದಿಕೊಳ್ಳುತ್ತಾರೆ. ಗಂಡಸರಿಗೆ ಮಿತಿ ಬಂದದ್ದು 1911ರಲ್ಲಿ, ಜವಳಿ ಗಿರಣಿಗಳಲ್ಲಿ 12 ಗಂಟೆ. ಯಾರಿಗೆ ಎಂಬುದನ್ನು ಬಿಟ್ಟರೆ ಇಡೀ ಉತ್ತರ ತಲೆಕೆಳಗು.

ಸರ್, "ಲೇಖಕರ ಧೋರಣೆ ಏನು?" ಎಂಬ ಪ್ರಶ್ನೆಗೆ ಮಕ್ಕಳಿಗೆ ಏನು ಹೇಳಿಕೊಡಲಿ? ಅದಕ್ಕೆ ಯಾವ ಸಾಲನ್ನೂ ತೋರಿಸಲು ಆಗುವುದಿಲ್ಲ.

ಬ್ರಹ್ಮಪುರದ ಮೇಷ್ಟ್ರು

ಟೀಚರ್, ತೋರಿಸಬಹುದು. ಕ್ರಿಯಾಪದ ನೋಡಲು ಹೇಳಿ. "ನೂರಾರು ಜನರನ್ನು ಕೆಲಸದಿಂದ ತೆಗೆಯಲಾಯಿತು" ಎಂದು ಬರೆದವರು ತೆಗೆದವರ ಹೆಸರು ಹೇಳಲಿಲ್ಲ. "ಕಾರ್ಮಿಕರು ಕಲ್ಲು ತೂರಿದರು" ಎಂದು ಮುಂದಿನ ಸಾಲಿನಲ್ಲಿ ಬಂದರೆ, ಒಂದು ಬಣಕ್ಕೆ ಹೆಸರಿದೆ, ಇನ್ನೊಂದಕ್ಕಿಲ್ಲ. ಅಲ್ಲಿ ವಾಲಿಕೆ ಇದೆ. ಎರಡೂ ಕಡೆಯವರ ಹೆಸರು ಹಿಡಿದು ಬರೆದಿದ್ದರೆ ಧೋರಣೆ ಸಮತೋಲನದ್ದು. ಹುಡುಗಿ ಕೊಟ್ಟ ಪ್ಯಾಸೇಜ್ ಬಹುಮಟ್ಟಿಗೆ ಹಾಗಿದೆ.

ಉದ್ದೇಶದ ಪ್ರಶ್ನೆಯಲ್ಲಿ "ಮಾತ್ರ", "ಎಲ್ಲಾ", "ಸಂಪೂರ್ಣ" ಎಂಬ ಆಯ್ಕೆ ಕಂಡರೆ ಒಮ್ಮೆ ನಿಲ್ಲಬೇಕು. 1881ರ ಕಾರ್ಖಾನೆ ಕಾಯ್ದೆಯನ್ನೇ ತೆಗೆದುಕೊಳ್ಳಿ. ಮಕ್ಕಳ ದುಡಿಮೆ ನೋಡಿ ನಿಜವಾಗಿ ನೊಂದವರು ಅದನ್ನು ಬೇಡಿದ್ದರು. ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿ ಮಾಲೀಕರೂ ಬೇಡಿದ್ದರು, ಏಕೆಂದರೆ ಕಡಿಮೆ ಕೂಲಿಗೆ ಜಾಸ್ತಿ ಹೊತ್ತು ನಡೆಯುವ ಮುಂಬಯಿ ಗಿರಣಿಗಳು ಅವರಿಗೆ ಪೈಪೋಟಿಯಾಗಿದ್ದವು. ಎರಡೂ ಕಾರಣ ಇರುವ ಪ್ಯಾಸೇಜಿಗೆ "ಕರುಣೆಯಿಂದ ಮಾತ್ರ" ಎಂಬುದೂ ತಪ್ಪು, "ಲಾಭಕ್ಕಾಗಿ ಮಾತ್ರ" ಎಂಬುದೂ ತಪ್ಪು.

ಸುರಪುರದ ಹುಡುಗಿಗೆ ಇವತ್ತು ರಾತ್ರಿಗೆ ಒಂದು: "1881ರ ಕಾಯ್ದೆ 7 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತು. 7ರಿಂದ 12 ವರ್ಷದವರಿಗೆ ದಿನಕ್ಕೆ 9 ಗಂಟೆ, ತಿಂಗಳಿಗೆ 4 ರಜೆ. ಯಂತ್ರಶಕ್ತಿ ಬಳಸುವ, 100 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಇದು ಅನ್ವಯ." ಪ್ರಶ್ನೆ: 60 ಜನರಿರುವ ಕಾರ್ಖಾನೆಯಲ್ಲಿ 6 ವರ್ಷದ ಮಗು ದುಡಿದರೆ ಈ ಕಾಯ್ದೆ ಮುರಿದಂತೆ ಆಯಿತೇ?

ಸುರಪುರದ ಓದುಗಿ

ಸರ್, ತುಂಬಾ ಧನ್ಯವಾದ. ಮೂವರೂ ಕೂತು ಓದಿದೆವು. ಸಂಘದ ವಾದ ಮಾಡಿದ ಗೆಳತಿ "ಪ್ಯಾಸೇಜ್ ತೀರ್ಪಿಗೆ ನಿಲ್ಲುತ್ತದೆ" ಎಂಬಲ್ಲಿ ಒಪ್ಪಿದಳು. ನಿಮ್ಮ ಪ್ರಶ್ನೆಗೆ ಅವಳೇ ಮೊದಲು ಉತ್ತರ ಹೇಳಿದ್ದು: ಆಗಲಿಲ್ಲ. ಮಗುವಿನ ವಯಸ್ಸು 7ಕ್ಕಿಂತ ಕಡಿಮೆ ಇದ್ದರೂ ಕಾರ್ಖಾನೆಯಲ್ಲಿ 100 ಜನ ಇಲ್ಲ, ಆದ್ದರಿಂದ ಕಾಯ್ದೆ ಅಲ್ಲಿಗೆ ತಲುಪುವುದೇ ಇಲ್ಲ. ಉತ್ತರ ಸರಿ ಅನ್ನಿಸಿತು, ಆದರೆ ಗುರುತು ಹಾಕುವಾಗ ಮೂವರಿಗೂ ಸಂಕಟವಾಯಿತು.

ಬ್ರಹ್ಮಪುರದ ಮೇಷ್ಟ್ರು

ಉತ್ತರ ಸರಿ. ಸಂಕಟ ಆದದ್ದೂ ಸರಿ. ಅದೇ ಸಂಕಟ ಆ ಕಾಲದವರಿಗೂ ಆಗಿತ್ತು. 1891ರಲ್ಲಿ ಆ 100ನ್ನು 50ಕ್ಕೆ ಇಳಿಸಿದರು, ವಯಸ್ಸನ್ನು 7ರಿಂದ 9ಕ್ಕೆ ಏರಿಸಿದರು. ಈಗ ಅದೇ 60 ಜನರ ಕಾರ್ಖಾನೆ, ಅಲ್ಲಿ 8 ವರ್ಷದ ಮಗು, ವರ್ಷ 1892. ಗೆಳತಿಯರ ಜೊತೆ ಕೂತು ಹೇಳು, ಯಾವ ಸಾಲಿನಿಂದ ಹೇಳಿದಿರಿ ಎಂಬುದನ್ನೂ ಬರೆ.